ಪೆಡಲ್ ಇದ್ದೂ ಬಾಗುವ ಬೆನ್ನು

ನಮ್ಮ ಸೆಲೂನುಗಳಲ್ಲಿ ಚಿಕ್ಕ ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸುತ್ತಾರೆ. ಮೈನೋವು ತಪ್ಪಿಸಿಕೊಳ್ಳಲು ಈ ಕಸುಬು ಕಂಡುಕೊಂಡ ಉಪಾಯಗಳಲ್ಲಿ ಇದಕ್ಕಿಂತ ಜಾಣತನದ್ದು ನನಗಂತೂ ಕಂಡಿಲ್ಲ. ಕೈ ತಲೆಯನ್ನು ಹುಡುಕಿಕೊಂಡು ಬಗ್ಗಬಾರದು, ತಲೆಯೇ ಕೈಯ ಮಟ್ಟಕ್ಕೆ ಬರಬೇಕು. ದೊಡ್ಡವರು ಕೂತೊಡನೆ ಮಾತ್ರ ಈ ವಿವೇಕ ಮಾಯ.

ಸಲಕರಣೆ ಇಲ್ಲವೆನ್ನುವಂತಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ಕೋಕೆನ್ ಕಂಪನಿ ನೂರು ವರ್ಷಗಳ ಹಿಂದೆಯೇ ಹೈಡ್ರಾಲಿಕ್ ಕುರ್ಚಿ ಮಾರುತ್ತಿತ್ತು. ಇಂದು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಅಂಥವು ಬಂದಿವೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಬೆಳಗ್ಗೆ ನಿಂತ ಎತ್ತರದಲ್ಲೇ ಕುರ್ಚಿ ರಾತ್ರಿಯವರೆಗೂ ನಿಂತಿರುತ್ತದೆ. ಎತ್ತರದ ಗಿರಾಕಿಯ ನೆತ್ತಿಗೆ ಕತ್ತರಿ ಹಿಡಿದಾಗ ಮೊಣಕೈ ಭುಜದ ಮಟ್ಟಕ್ಕೇರುತ್ತದೆ. ಅದೇ ತಲೆಯ ಹಿಂಭಾಗದ ಗೆರೆ ತೆಗೆಯುವಾಗ ಸೊಂಟ ಬಾಗುತ್ತದೆ. ನೆತ್ತಿಗೆ ಕುರ್ಚಿ ಇಳಿಸಿ, ಕುತ್ತಿಗೆಗೆ ಏರಿಸಿದರೆ ಎರಡೂ ತಪ್ಪುತ್ತವೆ. ಪೆಡಲ್ ಒತ್ತಲು ಬೇಕಾಗುವುದು ಕೆಲವೇ ಕ್ಷಣ. ಎಣ್ಣೆ ಸೋರಿ ತಾನಾಗಿ ಕುಸಿಯುವ ಪಂಪನ್ನು ರಿಪೇರಿ ಮಾಡಿಸದೆ ಹೊಸ ಕನ್ನಡಿ, ಬಣ್ಣದ ದೀಪಗಳಿಗೆ ದುಡ್ಡು ಸುರಿಯುವುದು ದಂಡ.

ಕತ್ತರಿಯದೂ ಇದೇ ಕಥೆ. ಮೊಂಡಾದ ಕತ್ತರಿಗೆ ಹೆಬ್ಬೆರಳು ಹೆಚ್ಚು ಬಲ ಹಾಕಬೇಕು. ಆ ಬಲ ಮಣಿಕಟ್ಟಿನ ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ. ಹೆಬ್ಬೆರಳಿನ ಕಡೆಯ ಹಿಡಿ ಗಿಡ್ಡವಾಗಿರುವ ಕತ್ತರಿ ಕೈಗೆ ಹಗುರ. ಇರುವ ಕತ್ತರಿಗೆ ಸಾಣೆ ಹಿಡಿಸುವುದು ಅಂಥದ್ದನ್ನು ಕೊಳ್ಳುವುದಕ್ಕಿಂತ ಅಗ್ಗ.

‘ಬೆನ್ನು ನೆಟ್ಟಗಿಡಿ, ನಡುನಡುವೆ ಕೂತು ಸುಧಾರಿಸಿಕೊಳ್ಳಿ’ ಎಂಬ ಉಪದೇಶದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಭಾನುವಾರ ಬೆಂಚು ತುಂಬ ಗಿರಾಕಿಗಳು ಕಾಯುತ್ತಿರುವಾಗ, ಪರ್ಸೆಂಟೇಜ್ ಮೇಲೆ ದುಡಿಯುವವರು ಹೇಗೆ ಕೂರುತ್ತಾರೆ? ಗಾಲಿ ಇರುವ ಸ್ಟೂಲ್ ಮೇಲೆ ಕೂತೇ ಕಿವಿಯ ಸುತ್ತ ಕತ್ತರಿಸಬಹುದು. ಕಾಲಿನ ನರ ಉಬ್ಬುವವರಿಗೆ ಅದು ದೊಡ್ಡ ಆಸರೆ. ಆದರೆ ಗಿರಾಕಿಯ ಮುಂದೆ ಕೂತು ಕೆಲಸ ಮಾಡುವುದು ಸೋಮಾರಿತನ ಎಂಬ ಭಾವನೆ ಅಡ್ಡ ಬರುತ್ತದೆ. ಹಳ್ಳಿಯ ಜಗಲಿಯಲ್ಲಿ ಇಬ್ಬರೂ ಎದುರುಬದುರು ಕುಕ್ಕರುಗಾಲಲ್ಲಿ ಕೂತೇ ಕ್ಷೌರ ನಡೆಯುತ್ತಿತ್ತಲ್ಲ! ಮಂಡಿಗೆ ಅದೂ ಸುಖವಲ್ಲ, ಬಿಡಿ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದೆ. ತರಬೇತಿ ಇದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಹೊಸ ಹೇರ್‌ಕಟ್ ಕಲಿಸುವ ಮೊದಲು ಅಲ್ಲಿ ಕುರ್ಚಿಯ ಎತ್ತರ ಹೊಂದಿಸುವುದನ್ನು ಕಲಿಸಲಿ.

ಗಿರಾಕಿಗಳಾದ ನಮಗೂ ಒಂದು ಕೆಲಸವಿದೆ. ಕುರ್ಚಿ ಏರಿಸಿ ಇಳಿಸುವಾಗ ಅವಸರಪಡಿಸಬೇಡಿ. ‘ತಲೆ ಸ್ವಲ್ಪ ಎತ್ತಿ ಸಾರ್’ ಎಂದರೆ ಎತ್ತಿ, ಮೊಬೈಲನ್ನು ಜೇಬಿಗೆ ಹಾಕಿ.