ಅಟ್ಟಣಿಗೆಯ ಮಾನಕಗಳು: ಅಂಕಿ ಇದೆ, ಕಾರಣ ಎಲ್ಲಿ?

ಬಾಯ್ಲರಿನ ಕವಾಟ ತಿರುಗಿಸಲು, ಕನ್ವೇಯರಿನ ಬೇರಿಂಗಿಗೆ ಗ್ರೀಸ್ ಹಾಕಲು, ಟ್ಯಾಂಕಿನ ಮಟ್ಟ ನೋಡಲು ಕಾರ್ಮಿಕ ಮೇಲೆ ಹತ್ತಲೇಬೇಕು. ಅವನು ನಿಲ್ಲುವ ಉಕ್ಕಿನ ಅಟ್ಟಣಿಗೆಯನ್ನು ಯಂತ್ರದ ಭಾಗವೆಂದು ಎಣಿಸುವವರು ಕಡಿಮೆ. ಹಾಗೆ ಎಣಿಸಿರುವುದು ಐಎಸ್‌ಒ 14122 ಎಂಬ ಅಂತರರಾಷ್ಟ್ರೀಯ ಮಾನಕ. ನಾಲ್ಕು ಭಾಗಗಳ ಈ ಮಾನಕ 2016ರಲ್ಲಿ ಪರಿಷ್ಕೃತಗೊಂಡಿತು. ಅದರ ಗುಣದೋಷಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲ ಭಾಗವೇ ಇದರ ಹಿರಿಮೆ. ಎಂಥ ಏಣಿ ಬೇಕು ಎಂಬುದಕ್ಕಿಂತ ಮೊದಲು, ಹತ್ತುವ ಅಗತ್ಯವಾದರೂ ಇದೆಯೇ ಎಂದು ಅದು ಕೇಳುತ್ತದೆ. ನೆಲದಿಂದಲೇ ಕೆಲಸ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಲಿಫ್ಟ್, ಇಳಿಜಾರು ಅಥವಾ ಮೆಟ್ಟಿಲು. ನೇರ ಏಣಿ ಕೊನೆಯ ಆಯ್ಕೆ. ವಿನ್ಯಾಸಕಾರನ ಮೇಲೆ ಹೊಣೆ ಹೊರಿಸುವ ಈ ಕ್ರಮ ಮೆಚ್ಚತಕ್ಕದ್ದು.

ಇನ್ನು ಅಂಕಿಗಳು. ಕಟಾಂಜನ, ಅಂದರೆ ರೇಲಿಂಗಿನ ಎತ್ತರ ಕನಿಷ್ಠ 1100 ಮಿ.ಮೀ. ಇರಬೇಕು. ಅಮೆರಿಕದ ಓಷಾ ನಿಯಮದಲ್ಲಿ ಇದು 42 ಅಂಗುಲ, ಅಂದರೆ ಸುಮಾರು 107 ಸೆಂ.ಮೀ. ಎರಡೂ ಇಷ್ಟು ಹತ್ತಿರ ಇರುವುದು ಆಕಸ್ಮಿಕವಲ್ಲ. 170 ಸೆಂ.ಮೀ. ಎತ್ತರದ ವ್ಯಕ್ತಿಯ ಗುರುತ್ವ ಕೇಂದ್ರ ನೆಲದಿಂದ ಸುಮಾರು 95 ಸೆಂ.ಮೀ. ಮೇಲಿರುತ್ತದೆ. ಕಂಬಿ ಅದಕ್ಕಿಂತ ಕೆಳಗಿದ್ದರೆ ಆಯತಪ್ಪಿದ ದೇಹ ಅದರ ಮೇಲಿಂದಲೇ ಮಗುಚುತ್ತದೆ. ಕಂಬಿ ತಡೆಯಾಗುವ ಬದಲು ತಿರುಗಣೆಯಾಗುತ್ತದೆ. ಅಂಚಿನಲ್ಲಿ 100 ಮಿ.ಮೀ. ಎತ್ತರದ ಕಾಲ್ತಡೆ ಪಟ್ಟಿಯೂ ಬೇಕು. ಅದು ಕೆಳಗಿರುವವರ ರಕ್ಷಣೆಗೆ: 10 ಮೀಟರ್ ಎತ್ತರದಿಂದ ಬಿದ್ದ ಸ್ಪ್ಯಾನರ್ ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ.

ಆಕ್ಷೇಪ ಇರುವುದು ಬೇರೆಡೆ. ಬೀಳುವ ಎತ್ತರ 500 ಮಿ.ಮೀ. ಮೀರಿದರೆ ಐಎಸ್‌ಒ ಕಟಾಂಜನ ಕೇಳುತ್ತದೆ. ಓಷಾ ಸಾಮಾನ್ಯ ಕಾರ್ಖಾನೆಗಳಲ್ಲಿ 4 ಅಡಿಯಿಂದ, ಕಟ್ಟಡ ಕೆಲಸದಲ್ಲಿ 6 ಅಡಿಯಿಂದ ರಕ್ಷಣೆ ಕೇಳುತ್ತದೆ. ನೆಲ ಮುಟ್ಟುವ ವೇಗ ಕ್ರಮವಾಗಿ ಸೆಕೆಂಡಿಗೆ 3.1, 4.9 ಮತ್ತು 6 ಮೀಟರ್. ಗುರುತ್ವವೂ ಅದೇ, ಮೂಳೆಯೂ ಅದೇ. ಕಸುಬು ಬದಲಾದರೆ ಮಿತಿ ಏಕೆ ಬದಲಾಗಬೇಕು? ಇವು ಪ್ರಕೃತಿಯ ನಿಯಮಗಳಲ್ಲ, ಖರ್ಚು ಮತ್ತು ಅನುಕೂಲಗಳನ್ನು ತೂಗಿ ಮಾಡಿಕೊಂಡ ಒಪ್ಪಂದಗಳು.

ಏಣಿಯ ಸುತ್ತಲಿನ ಪಂಜರದ ಕಥೆ ಇನ್ನೂ ಬೋಧಪ್ರದ. ದಶಕಗಳ ಕಾಲ ಅದನ್ನು ಸುರಕ್ಷಾ ಸಾಧನವೆಂದು ನಂಬಲಾಗಿತ್ತು. 2016ರ ನಿಯಮದಲ್ಲಿ ಓಷಾ ಆ ನಂಬಿಕೆ ಕೈಬಿಟ್ಟಿತು. 24 ಅಡಿ ಮೀರಿದ ಹೊಸ ಸ್ಥಿರ ಏಣಿಗಳಿಗೆ 2018ರ ನವೆಂಬರಿನಿಂದ ಪಂಜರ ಸಾಲದು, ಬೀಳುವವನನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಬೇಕು ಎಂದಿತು. ಪಂಜರದೊಳಗೆ ಜಾರಿದವನನ್ನು ತಡೆಯಲು ಏನೂ ಇಲ್ಲ. ಬಳೆಗಳಿಗೆ ಬಡಿಯುತ್ತ ಕೆಳಗೆ ಬರುತ್ತಾನೆ. ಆದರೆ ಅದೇ ವರ್ಷ ಪರಿಷ್ಕೃತವಾದ ಐಎಸ್‌ಒ ಪಂಜರವನ್ನು ಉಳಿಸಿಕೊಂಡಿತು. ಬೆಲ್ಟು ಧರಿಸಲು ಮರೆತವನಿಗೂ ಪಂಜರ ಇದ್ದೇ ಇರುತ್ತದೆ ಎಂಬುದು ಅದರ ಪರವಾದ ವಾದ. ವಾದದಲ್ಲಿ ಹುರುಳಿದೆ, ಆದರೆ ಸದಾ ಇರುವುದೂ ಸದಾ ಕಾಪಾಡುವುದೂ ಒಂದೇ ಅಲ್ಲ.

ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ 32ನೇ ಕಲಂ, ಕೆಲಸದ ಪ್ರತಿಯೊಂದು ಜಾಗಕ್ಕೂ ಸುರಕ್ಷಿತ ದಾರಿ ಇರಬೇಕೆಂದಿತ್ತು. ಜೊತೆಗೆ ‘ಸಾಧ್ಯವಿದ್ದಷ್ಟು ಮಟ್ಟಿಗೆ’ ಎಂಬ ಅರ್ಥದ ಮಾತನ್ನೂ ಸೇರಿಸಿತ್ತು. ವ್ಯಾಪ್ತಿ ದೊಡ್ಡದು, ಅಳತೆ ಒಂದೂ ಇಲ್ಲ. 2025ರ ನವೆಂಬರಿನಲ್ಲಿ ಆ ಕಾಯಿದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಕಾಯಿದೆ ಬದಲಾದರೂ ಮೂಲ ಪ್ರಶ್ನೆ ಉಳಿದಿದೆ: ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ನಿರ್ಧರಿಸುವವರು ಯಾರು? ಅಳತೆಯಿಲ್ಲದ ನಿಯಮ ಹಿಗ್ಗುತ್ತದೆ; ಕಾರಣ ಹೇಳದ ಅಳತೆ ಕುರುಡಾಗುತ್ತದೆ.

ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಾರ್ಖಾನೆಗೆ ಕರೆದೊಯ್ಯುವಾಗ ಒಂದು ಅಳತೆಪಟ್ಟಿ ಜೊತೆಗಿರಲಿ. ಕಂಬಿಯ ಎತ್ತರ ಅಳೆದು, ಅಷ್ಟೇ ಏಕೆ ಎಂದು ಕೇಳಲಿ. ಗುರುತ್ವ ಕೇಂದ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಾಳೆ ಅದೇ ಅಟ್ಟಣಿಗೆಯ ಮೇಲೆ ನಿಲ್ಲುವವರು ಅವರಲ್ಲೇ ಕೆಲವರು.