ಕೆಂಪು ಕಡ್ಡಿಯ ಕೊಬ್ಬಿನ ಸಾಗಾಟ

ಚೆನ್ನಾಗಿ ಬಣ್ಣ ಕಟ್ಟಿದ ಕಫದ ಸ್ಲೈಡಿನ ಹಿನ್ನೆಲೆ ತಿಳಿನೀಲಿ ಇರಬೇಕು. ಬಿಳಿ ರಕ್ತಕಣಗಳು ಕಡುನೀಲಿಯಾಗಿ ಎದ್ದು ಕಾಣಬೇಕು. ಅವುಗಳ ನಡುವೆ ಒಂಟಿಯಾಗಿಯೋ ಎರಡು ಮೂರು ಸೇರಿಯೋ ತುಸು ಬಾಗಿದ ಕೆಂಪು ಕಡ್ಡಿಗಳು. ಉದ್ದ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಎರಡರಿಂದ ನಾಲ್ಕು ಪಟ್ಟು, ಅಷ್ಟೆ. 100 ಪಟ್ಟಿನ ಲೆನ್ಸಿಗೆ ಎಣ್ಣೆ ಹನಿಸಿ, ಫೈನ್ ಫೋಕಸ್ ತಿರುಗಣಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಆ ಕೆಂಪು ಒಮ್ಮೆಲೇ ಚೂಪಾಗುತ್ತದೆ. ಸೂಕ್ಷ್ಮದರ್ಶಕದ ರುಚಿ ಹತ್ತಿದವರಿಗೆ ಇದಕ್ಕಿಂತ ಒಳ್ಳೆಯ ನೋಟ ಕಡಿಮೆ.

ಬಣ್ಣ ಹಾಕುವ ಈ ಕ್ರಮಕ್ಕೆ ಝೀಲ್ ಮತ್ತು ನೀಲ್ಸನ್ ಎಂಬ ಇಬ್ಬರು ಜರ್ಮನರ ಹೆಸರಿದೆ. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ ಬೆನ್ನಲ್ಲೇ ಬಂದದ್ದು. ಲೇಪದ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಆವಿ ಏಳುವವರೆಗೆ ಕೆಳಗಿನಿಂದ ಬಿಸಿ ತೋರಿಸಬೇಕು, ಕುದಿಸಬಾರದು. ಐದು ನಿಮಿಷ ಬಿಟ್ಟು ತೊಳೆದು, 25% ಗಂಧಕಾಮ್ಲ ಹಾಕಬೇಕು. ಉಳಿದೆಲ್ಲದರ ಕೆಂಪು ಆಗ ಹರಿದುಹೋಗುತ್ತದೆ. ಕೊನೆಗೆ ಮೆಥಿಲೀನ್ ಬ್ಲೂ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ರೂಪ ಕೊಡುವಾಗ ಇದೇ ಅಗ್ಗದ ಪರೀಕ್ಷೆಯ ಮೇಲೆ ಭಾರ ಹಾಕಿತು. ಎಕ್ಸ್‌ರೇ ಯಂತ್ರವಿಲ್ಲದ ಊರಲ್ಲೂ ಒಂದು ಸೂಕ್ಷ್ಮದರ್ಶಕ, ಮೂರು ಬಾಟಲಿ ದ್ರಾವಣ ಇದ್ದರೆ ರೋಗ ಹಿಡಿಯಬಹುದೆಂಬ ಆ ತೀರ್ಮಾನವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಕ್ಷಯದ ಕಡ್ಡಿ ಮಾತ್ರ ಆಸಿಡ್ಡಿಗೆ ಬಣ್ಣ ಬಿಡದಿರಲು ಕಾರಣ ಅದರ ಮೇಣದಂಥ ಗೋಡೆ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಒಣಗಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಣ್ಣಿನ ಮೈಮೇಲಿನ ತೆಳು ಮೇಣ ನೀರನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಆಮೇಲೆ ಶೆಡ್ಡಿನಲ್ಲಿ ಹರಡುತ್ತಾರೆ. ನಮ್ಮ ಸ್ಲೈಡಿನ ಮೇಲೆ ಅದ್ದುವ ನೀರಿನ ಕೆಲಸ ಮಾಡುವುದು ಬಿಸಿ ಮತ್ತು ಕಾರ್ಬಾಲ್ ಫುಕ್ಸಿನ್‌ನಲ್ಲಿರುವ ಫಿನಾಲ್. ಅವು ಮೇಣವನ್ನು ಸಡಿಲಿಸಿ ಬಣ್ಣವನ್ನು ಒಳಗೆ ಬಿಡುತ್ತವೆ. ತಣ್ಣಗಾದ ಮೇಲೆ ಆ ಬಣ್ಣಕ್ಕೆ ಹೊರದಾರಿ ಇಲ್ಲ.

ಗೋಡೆಯ ಮುಖ್ಯ ಸರಕು ಮೈಕೋಲಿಕ್ ಆಮ್ಲ. ನಾವು ಉಣ್ಣುವ ಕುಸುಬೆ ಎಣ್ಣೆಯ ಕೊಬ್ಬಿನಾಮ್ಲದಲ್ಲಿ 18 ಇಂಗಾಲದ ಸರಪಳಿ ಇದ್ದರೆ ಮೈಕೋಲಿಕ್ ಆಮ್ಲದಲ್ಲಿ 60ರಿಂದ 90. ಈ ಉದ್ದಕ್ಕೆ ಎಷ್ಟು ಬೆಲೆ ಇದೆ ಎನ್ನುವುದನ್ನು ಅಪೂರ್ವ ಭಟ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಕ್ಯಾಸ್‌ಬಿ ಎಂಬ ಒಂದೇ ಒಂದು ಜೀನ್ ತೆಗೆದಾಗ ಆಮ್ಲದ ಸರಪಳಿ ಕೊಂಚ ಗಿಡ್ಡವಾಯಿತು. ಅಷ್ಟಕ್ಕೇ ಕಡ್ಡಿ ಆಸಿಡ್ಡಿನಲ್ಲಿ ತನ್ನ ಕೆಂಪು ಕಳೆದುಕೊಂಡಿತು. ಇಲಿಗಳ ಮೈಯಲ್ಲಿ ಅದು ಉಳಿಯಿತು, ಆದರೆ ರೋಗ ತರುವ ಕಸುವು ಕುಗ್ಗಿತು.

ಪಾಠಕ್ಕೆಂದು ಮಾರುವ ಇಂಥ ಒಂದು ಸ್ಲೈಡನ್ನು ಅರಕೇರಿಯಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳಿಗೆ ತೋರಿಸುತ್ತಿದ್ದೆ. ಬಹಳ ಹೊತ್ತು ಕಣ್ಣಿಟ್ಟು ನೋಡಿದವಳು ಕೇಳಿದಳು: "ಸರ, ಆಸಿಡ್ಡೂ ಒಳಗ ಹೋಗಂಗಿಲ್ಲ ಅಂದ್ರ ಇದು ಉಣ್ಣೂದು ಹ್ಯಾಂಗ್ರೀ? ಆ ಮ್ಯಾಣ ಒಳಗಿಂದ ಹೊರಗ ಹ್ಯಾಂಗ ಬಂತು?"

ಪಠ್ಯಪುಸ್ತಕಗಳು ಮೇಣದ ಗೋಡೆ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತವೆ. ನಿಲ್ಲಬಾರದು. ಅವಳ ಎರಡೂ ಪ್ರಶ್ನೆಗಳಿಗೆ ಈಗ ಉತ್ತರ ಇದೆ.

ಹೊರಗೆ ಬರುವ ದಾರಿ ಮೊದಲು. ಮೈಕೋಲಿಕ್ ಆಮ್ಲ ತಯಾರಾಗುವುದು ಕೋಶದೊಳಗೆ. ನೀರಿನಲ್ಲಿ ಕರಗದ ಆ ಉದ್ದನೆಯ ಕೊಬ್ಬನ್ನು ಬ್ಯಾಕ್ಟೀರಿಯಾ ಟ್ರೆಹಲೋಸ್ ಎಂಬ ಸಕ್ಕರೆಗೆ ಜೋಡಿಸುತ್ತದೆ. ಒಳಪೊರೆಯಲ್ಲಿ ಕೂತ ಎಂಎಂಪಿಎಲ್3 ಎಂಬ ಪ್ರೋಟೀನು ಪೊರೆಯ ಎರಡು ಬದಿಯ ಪ್ರೋಟಾನುಗಳ ವ್ಯತ್ಯಾಸದಿಂದ ಶಕ್ತಿ ಪಡೆದು ಈ ಜೋಡಿಯನ್ನು ಆಚೆ ದಾಟಿಸುತ್ತದೆ. ಅಲ್ಲಿ ಆಂಟಿಜನ್ 85 ಎಂಬ ಕಿಣ್ವಗಳು ಸಕ್ಕರೆಯಿಂದ ಕೊಬ್ಬನ್ನು ಬಿಡಿಸಿ ಗೋಡೆಗೆ ಸೇರಿಸುತ್ತವೆ. ನನಗೆ ಬಹಳ ಹಿಡಿಸಿದ್ದು ಮುಂದಿನ ಕೆಲಸ: ಖಾಲಿಯಾದ ಟ್ರೆಹಲೋಸನ್ನು ಬ್ಯಾಕ್ಟೀರಿಯಾ ಬಿಸಾಡುವುದಿಲ್ಲ, ಬೇರೆ ದಾರಿಯಿಂದ ಒಳಗೆ ಎಳೆದುಕೊಂಡು ಮತ್ತೆ ಬಳಸುತ್ತದೆ.

ಇನ್ನು ಊಟ. ಕ್ಷಯದ ಕಡ್ಡಿ ವಾಸ ಮಾಡುವುದು ನಮ್ಮ ಶ್ವಾಸಕೋಶದ ರಕ್ಷಕ ಕಣಗಳ ಒಳಗೇ. ಅಲ್ಲಿ ಅದಕ್ಕೆ ಸಿಗುವ ಆಹಾರವೆಂದರೆ ಹೆಚ್ಚಾಗಿ ನಮ್ಮದೇ ಕೊಬ್ಬು, ಕೊಲೆಸ್ಟೆರಾಲ್. ಅದನ್ನು ಒಳಗೆ ತರುವವು ಎಂಸಿಇ ಕೂಟದ ಪ್ರೋಟೀನುಗಳು; ಕ್ಷಯದ ಕಡ್ಡಿಯಲ್ಲಿ ಇವುಗಳ ನಾಲ್ಕು ಗುಂಪುಗಳಿವೆ. 1993ರಲ್ಲಿ ಮೊದಲು ಗುರುತಿಸಿದವರು, ಬ್ಯಾಕ್ಟೀರಿಯಾ ನಮ್ಮ ಕಣದೊಳಗೆ ನುಗ್ಗಲು ಇವು ನೆರವಾಗುತ್ತವೆ ಎಂದು ತಿಳಿದಿದ್ದರು. 2008ರಲ್ಲಿ ಅಮಿತ್ ಪಾಂಡೆ ಮತ್ತು ಕ್ರಿಸ್ಟೋಫರ್ ಸಸೆಟ್ಟಿ, ನಾಲ್ಕನೆಯ ಎಂಸಿಇ ಕೊಲೆಸ್ಟೆರಾಲ್ ಒಯ್ಯುತ್ತದೆ, ಅದಿಲ್ಲದ ಬ್ಯಾಕ್ಟೀರಿಯಾ ದೀರ್ಘಕಾಲದ ಸೋಂಕಿನಲ್ಲಿ ತಾಳಲಾರದು ಎಂದು ತೋರಿಸಿದರು. ಮೊದಲನೆಯ ಎಂಸಿಇ ಕೊಬ್ಬಿನಾಮ್ಲಗಳ ದಾರಿ.

ಈ ಮೊದಲನೆಯ ಎಂಸಿಇಯ ರೂಪ ಕಣ್ಣಿಗೆ ಬಿದ್ದದ್ದು 2023ರಲ್ಲಿ. ನ್ಯೂಯಾರ್ಕಿನ ಗಿರಾ ಭಾಭಾ ಮತ್ತು ಡೇಮಿಯನ್ ಎಕಿಯರ್ಟ್ ಅವರ ತಂಡ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿತು. ಕೆಲಸಕ್ಕೆ ಬಳಸಿದ್ದು ಕ್ಷಯದ ನಿರಪಾಯದ ಬಂಧು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್. ಇದು ಸುಮಾರು ಮೂರು ಗಂಟೆಗೊಮ್ಮೆ ಎರಡಾಗುತ್ತದೆ, ಕ್ಷಯದ್ದಕ್ಕೆ ಹೆಚ್ಚುಕಡಿಮೆ ಒಂದು ಹಗಲು ರಾತ್ರಿ ಬೇಕು. ಅವರು ಕಂಡದ್ದು ತುಸು ಬಾಗಿದ, ಉದ್ದನೆಯ ಸೂಜಿಯಂಥ ರಚನೆ. ಆರು ಬಗೆಯ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡಿವೆ, ನಟ್ಟನಡುವೆ ನೀರನ್ನು ದೂರವಿಡುವ ಸುರಂಗ. ಒಳಪೊರೆಗೂ ಹೊರಗಿನ ಮೇಣದ ಪೊರೆಗೂ ನಡುವಿನ ನೀರಿನ ಜಾಗವನ್ನು ಕೊಬ್ಬು ಒದ್ದೆಯಾಗದೆ ದಾಟಲು ಇದಕ್ಕಿಂತ ಚೊಕ್ಕ ಏರ್ಪಾಟು ನಾನು ಕಂಡಿಲ್ಲ. ಬುಡದಲ್ಲಿ ಎಟಿಪಿ ಸುಟ್ಟು ಇದನ್ನು ನಡೆಸುವ ಯಂತ್ರವಿದೆ.

ಕ್ಷಯಕ್ಕೆ 1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಮಾತ್ರೆ ಮೈಕೋಲಿಕ್ ಆಮ್ಲ ತಯಾರಾಗುವುದನ್ನೇ ತಡೆಯುತ್ತದೆ. ಎಂಎಂಪಿಎಲ್3 ಮೇಲೆ ಕೂತು ಸಾಗಾಟ ನಿಲ್ಲಿಸುವ ಎಸ್‌ಕ್ಯೂ109ನಂಥ ರಾಸಾಯನಿಕಗಳೂ ಸಿಕ್ಕಿವೆ. ಊಟದ ದಾರಿ ಮುಚ್ಚುವ ಕಡೆಗೂ ಇನ್ನಷ್ಟು ದುಡ್ಡು, ದುಡಿಮೆ ಹರಿಯಬೇಕು.

ಎಂಸಿಇ ಎಷ್ಟು ಬೇಕಾದದ್ದು ಎನ್ನುವುದಕ್ಕೆ ಇದೇ ಕುಲದ ಕುಷ್ಠದ ಬ್ಯಾಕ್ಟೀರಿಯಾ ಸಾಕ್ಷಿ. ಸ್ಲೈಡಿನಲ್ಲಿ ಅದೂ ಕೆಂಪೇ. ಆದರೆ ಆಸಿಡ್ಡಿಗೆ ಅಷ್ಟು ಗಟ್ಟಿಯಲ್ಲ, 5% ಗಂಧಕಾಮ್ಲವನ್ನಷ್ಟೇ ಹಾಕಬೇಕು. 2001ರಲ್ಲಿ ಅದರ ಜೀನೋಮ್ ಓದಿದಾಗ ಸಾವಿರಕ್ಕೂ ಹೆಚ್ಚು ಜೀನುಗಳು ಕೆಟ್ಟು ಕೂತಿದ್ದವು. ಕ್ಷಯದ ಬಳಿ ಇರುವ ನಾಲ್ಕು ಎಂಸಿಇ ಗುಂಪುಗಳಲ್ಲಿ ಮೂರು ಅದರ ಬಳಿ ಉಳಿದಿಲ್ಲ. ಮೊದಲನೆಯದನ್ನು ಮಾತ್ರ ಅದು ಬಿಟ್ಟುಕೊಟ್ಟಿಲ್ಲ.