ಓಬವ್ವನ ಗೊಂಬೆ ಎಲ್ಲಿ ಸಿಗುತ್ತದೆ?

ತೆರೆಯ ಮೇಲಿನ ವೀರನಾರಿಯರೆಂದರೆ ನನಗೆ ಹುಚ್ಚು. ವಂಡರ್ ವುಮನ್, ಬ್ಲ್ಯಾಕ್ ವಿಡೋ, ಕ್ಯಾಪ್ಟನ್ ಮಾರ್ವೆಲ್, ಯಾರನ್ನೂ ಬಿಟ್ಟವನಲ್ಲ. ಆದರೂ ಮೊದಲ ಸ್ಥಾನ ಯಾರಿಗೆ ಎಂದು ಕೇಳಿದರೆ, 1972ರ ‘ನಾಗರಹಾವು’ ಚಿತ್ರದಲ್ಲಿ ಒಂದು ಹಾಡಿನಷ್ಟು ಹೊತ್ತು ಬಂದು ಹೋಗುವ ಜಯಂತಿಯ ಓಬವ್ವನ ಹೆಸರನ್ನೇ ಹೇಳುತ್ತೇನೆ.

ಹಾಲಿವುಡ್ಡಿನ ನಾಯಕಿಗೆ ಶಕ್ತಿ ಬರಬೇಕಾದರೆ ಮೊದಲು ವೇಷ ಬದಲಾಗಬೇಕು. 2017ರ ‘ವಂಡರ್ ವುಮನ್’ನಲ್ಲಿ ಗ್ಯಾಲ್ ಗ್ಯಾಡೊಟ್ ಮೇಲುಹೊದಿಕೆ ಕಳಚಿ, ಗುರಾಣಿ ಹಿಡಿದು ಕಂದಕದಿಂದ ಮೇಲೇರುವ ದೃಶ್ಯ ನನಗೂ ಇಷ್ಟವೇ. ಪ್ಯಾಟಿ ಜೆಂಕಿನ್ಸ್ ಅದನ್ನು ಸೊಗಸಾಗಿಯೇ ತೆಗೆದಿದ್ದಾರೆ. ಓಬವ್ವನಿಗೆ ಅಂಥ ಪುರುಸೊತ್ತೇ ಇಲ್ಲ. ಗಂಡ ಉಣ್ಣಲು ಕುಳಿತಿದ್ದಾನೆ, ಇವಳು ನೀರಿಗೆಂದು ಹೊರಟಿದ್ದಾಳೆ, ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿ ಹೈದರಾಲಿಯ ಸೈನಿಕರ ಗುಸುಗುಸು ಕೇಳುತ್ತದೆ. ಉಟ್ಟ ಸೀರೆಯನ್ನೇ ಎತ್ತಿ ಕಟ್ಟಿ, ಮನೆಯಲ್ಲಿದ್ದ ಒನಕೆ ಹಿಡಿದು ನಿಲ್ಲುತ್ತಾಳೆ. ಪುಟ್ಟಣ್ಣ ಕಣಗಾಲ್ ಅವರ ದೊಡ್ಡಸ್ತಿಕೆ ಇರುವುದು ಮುಂದಿನ ಭಾಗದಲ್ಲಿ. ಒನಕೆ ಏಳುತ್ತದೆ, ಬೀಳುತ್ತದೆ. ಬಿದ್ದವನನ್ನು ಅವಳು ಪಕ್ಕಕ್ಕೆ ಎಳೆಯುತ್ತಾಳೆ. ಮತ್ತೆ ಕಿಂಡಿಯಲ್ಲಿ ಇನ್ನೊಂದು ತಲೆ. ಇದು ಕತ್ತಿವರಸೆಯಲ್ಲ, ಕೆಲಸ. ದಿನಾ ಭತ್ತ ಕುಟ್ಟಿದ ಕೈಗೆ ಆ ಲಯ ಹೊಸದಲ್ಲ ಎಂಬುದನ್ನು ಜಯಂತಿಯ ತೋಳುಗಳೇ ಹೇಳುತ್ತವೆ. ಮುಖದಲ್ಲಿ ಮಾತ್ರ ಭಯ ಪೂರ್ತಿ ಹೋಗುವುದಿಲ್ಲ, ಹೋಗಬಾರದು ಕೂಡ.

ತಕರಾರೂ ಇದೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ ಆ ಚಿತ್ರ ನಾಯಕ ರಾಮಾಚಾರಿಯದು. ಓಬವ್ವ ಅಲ್ಲಿ ಉಪಕಥೆ. ಹಾಡು ಮುಗಿಯುವಷ್ಟರಲ್ಲಿ ಅವಳ ಪ್ರಾಣವೂ ಮುಗಿಯುತ್ತದೆ. ಅನಂತರ ಬಂದ ಯಾವ ಓಬವ್ವನೂ ಜಯಂತಿಯನ್ನು ಮರೆಸಲಿಲ್ಲ.

ಕಿತ್ತೂರು ಚೆನ್ನಮ್ಮನಿಗೆ ಪೂರ್ತಿ ಚಿತ್ರವೇ ಸಿಕ್ಕಿತು. 1961ರಲ್ಲಿ ಬಿ.ಆರ್. ಪಂತುಲು ತೆಗೆದ ಕಪ್ಪುಬಿಳುಪು ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಅವಳ ಗಂಡ ಮಲ್ಲಸರ್ಜ. ಅಲ್ಲಿ ಯುದ್ಧಕ್ಕಿಂತ ಮಾತಿಗೆ ಮೊನಚು ಹೆಚ್ಚು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ಕಾಳಗ ತೆರೆಯ ಮೇಲೆ ನಾಟಕದ ರಂಗದಂತೆ ಕಾಣುತ್ತದೆ ಎಂದು ಇಂದಿನ ಹುಡುಗರು ನಕ್ಕರೆ ತಪ್ಪೆನ್ನಲಾರೆ. ಆದರೆ ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಗದಗ, ಶಿರಹಟ್ಟಿ ಸೀಮೆಯವರಿಗೆ ಆ ಮಾತುಗಾರಿಕೆಯೇ ರೋಮಾಂಚನ. ಮಾಲಾಶ್ರೀ ‘ಎಸ್.ಪಿ. ಭಾರ್ಗವಿ’ಯಲ್ಲಿ, ‘ದುರ್ಗಿ’ಯಲ್ಲಿ ಹೊಡೆದಾಟವನ್ನೇ ತಮ್ಮದು ಮಾಡಿಕೊಂಡರು. ಅವು ಬಹುಮಟ್ಟಿಗೆ ಗಂಡು ನಾಯಕನ ಅಳತೆಗೆ ಹೊಲಿದ ಅಂಗಿಗಳು. ಶಿಳ್ಳೆ ಹಾಕಿದವರಲ್ಲಿ ನಾನೂ ಇದ್ದೆ, ಬಿಡಿ. 2025ರಲ್ಲಿ ಮಲಯಾಳಂನವರು ‘ಲೋಕಾ’ದಲ್ಲಿ ತಮ್ಮ ಜನಪದ ಯಕ್ಷಿಯನ್ನೇ ಸೂಪರ್‌ಹೀರೋ ಮಾಡಿ ಗೆದ್ದರು. ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ! ಊರು ನಮ್ಮದು, ಧೈರ್ಯ ಅವರದು.

ಇನ್ನು ಗೊಂಬೆಗಳ ವಿಷಯ. ಅಲ್ಲಿ ಅಮೆರಿಕದ ನಾಯಕಿಯರ ಹಣೆಬರಹವೂ ನೆಟ್ಟಗಿಲ್ಲ. 2015ರ ‘ಅವೆಂಜರ್ಸ್: ಏಜ್ ಆಫ್ ಅಲ್ಟ್ರಾನ್’ನಲ್ಲಿ ವಿಮಾನದಿಂದ ಬೈಕಿನ ಸಮೇತ ಇಳಿಯುವವಳು ಬ್ಲ್ಯಾಕ್ ವಿಡೋ. ಅದೇ ದೃಶ್ಯದ ಆಟಿಕೆ ಅಂಗಡಿಗೆ ಬಂದಾಗ ಬೈಕಿನ ಮೇಲೆ ಕುಳಿತಿದ್ದವನು ಕ್ಯಾಪ್ಟನ್ ಅಮೆರಿಕ. ಹೆಣ್ಣು ಗೊಂಬೆ ಮಾರಾಟವಾಗದೆಂಬ ಲೆಕ್ಕಕ್ಕೆ ‘ಐರನ್ ಮ್ಯಾನ್ 3’ರ ಖಳನಾಯಕಿಯನ್ನು ಗಂಡಾಗಿಸಬೇಕಾಯಿತೆಂದು ನಿರ್ದೇಶಕ ಶೇನ್ ಬ್ಲ್ಯಾಕ್ ಆಮೇಲೆ ಬಾಯಿಬಿಟ್ಟರು. ಗೊಂಬೆಯ ವ್ಯಾಪಾರ ಕಥೆಯನ್ನೇ ತಿದ್ದಿತು.

ನಮ್ಮ ಲಕ್ಷ್ಮೇಶ್ವರ ಪೇಟೆಯಲ್ಲೂ ಲೆಕ್ಕ ಬೇರೆಯಿಲ್ಲ. ಜಾತ್ರೆಯ ಅಂಗಡಿಯಲ್ಲಿ ಕೇಳಿ ನೋಡಿ: “ಸ್ಪೈಡರ್‌ಮ್ಯಾನ್ ಐತ್ರಿ, ಹಲ್ಕ್ ಐತ್ರಿ. ಹೆಣ್ಣ ಹುಡುಗಿಗಾದ್ರ ಬಾರ್ಬಿ ಒಯ್ಯರಿ.” ಓಬವ್ವ ಇಲ್ಲವೇ ಎಂದರೆ ನಗುತ್ತಾರೆ. ಕೊಳ್ಳುವವರಿಲ್ಲ ಎಂಬುದು ಅವರ ಸಮಜಾಯಿಷಿ. ಹಾಗಾದರೆ ಯಳವತ್ತಿಯಂಥ ಊರಿನ ಶಾಲೆಯ ಛದ್ಮವೇಷ ಸ್ಪರ್ಧೆಗೆ ಬಂದು ನೋಡಬೇಕು. ರಟ್ಟಿಗೆ ಬೆಳ್ಳಿ ಕಾಗದ ಸುತ್ತಿದ ಕತ್ತಿ ಹಿಡಿದ ಚೆನ್ನಮ್ಮಂದಿರು ಸಾಲುಗಟ್ಟಿರುತ್ತಾರೆ. ಅವ್ವನ ಇಳಕಲ್ ಸೀರೆ ಕಚ್ಚೆ ಹಾಕಿದ ಓಬವ್ವ, ನಿಜವಾದ ಒನಕೆ ಎತ್ತಲಾಗದೆ, ಬಣ್ಣ ಬಳಿದ ಪ್ಲಾಸ್ಟಿಕ್ ಪೈಪ್ ಹಿಡಿದಿರುತ್ತಾಳೆ. ಕಣ್ಣಲ್ಲಿ ಮಾತ್ರ ಜಯಂತಿಯದೇ ಗತ್ತು. ವಿದೇಶದಲ್ಲಿ ಕಾಸ್‌ಪ್ಲೇ ಎಂದು ಸಾವಿರಾರು ರೂಪಾಯಿ ಸುರಿದು ಮಾಡುವುದನ್ನು ನಮ್ಮ ತಾಯಂದಿರು ಒಂದು ರಾತ್ರಿಯಲ್ಲಿ ಅಂಟು, ಕತ್ತರಿಯಿಂದ ಮುಗಿಸುತ್ತಾರೆ. ಇಷ್ಟು ಅಭಿಮಾನಿಗಳಿರುವಾಗ ಕೊಳ್ಳುವವರಿಲ್ಲವೆಂಬ ಮಾತನ್ನು ನಂಬಲಾರೆ.

ಮಾಡುವವರೂ ದೂರವಿಲ್ಲ. ಗದಗದಿಂದ ಕೊಪ್ಪಳಕ್ಕೆ ಹೋದರೆ ಪಕ್ಕದಲ್ಲೇ ಕಿನ್ನಾಳ. ಅಲ್ಲಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಭಾಗಗಳನ್ನು ಕೂಡಿಸಿ, ಆಭರಣದ ಉಬ್ಬುಗಳನ್ನು ಕಲ್ಲಿನ ಪುಡಿಗೆ ಅಂಟು ಬೆರೆಸಿದ ಮಿಶ್ರಣದಿಂದ ಎಬ್ಬಿಸಿ, ಮೇಲೆ ಬಣ್ಣ ಹಚ್ಚುತ್ತಾರೆ. ಗರುಡ, ಗೌರಿಯರನ್ನು ಮಾಡುವ ಆ ಕೈಗಳಿಗೆ ಓಬವ್ವ ಕಷ್ಟವಲ್ಲ. ಒಂದೇ ಒಂದು ಕೋರಿಕೆ: ಅವಳನ್ನು ದೇವತೆ ಮಾಡಬೇಡಿ. ಕಿರೀಟ, ಪ್ರಭಾವಳಿ ಬೇಡ. ಎತ್ತಿ ಕಟ್ಟಿದ ಸೀರೆ, ಎರಡೂ ಕೈಯಲ್ಲಿ ಒನಕೆ, ಎದುರಿಗೊಂದು ಕಿಂಡಿ ಸಾಕು. ಒನಕೆ ಬಿಚ್ಚಿ ತೆಗೆಯುವಂತಿದ್ದರೆ ಮಕ್ಕಳಿಗೆ ಇನ್ನೂ ಖುಷಿ. ಕಾವೇರಿ ಎಂಪೋರಿಯಂನವರು ಇಂಥದ್ದೊಂದನ್ನು ಮಾಡಿಸಿ, ಪೇಟೆಯ ಗಾಜಿನ ಕಪಾಟಿಗಷ್ಟೇ ಅಲ್ಲದೆ ಜಾತ್ರೆಯ ಅಂಗಡಿಗೂ ನಿಲುಕುವ ಬೆಲೆಗೆ ಕೊಡಲಿ. ಮೊದಲ ಗಿರಾಕಿ ನಾನೇ.